ಬೆಳಕು ಬಿದ್ದಾಗ ಸುಮ್ಮನಾಗುವ ಕೋಶ

ಜೀವಕೋಶದೊಳಕ್ಕೆ ಗಾಜಿನ ಸೂಜಿ ಇಳಿಸಿ ವಿದ್ಯುತ್ತನ್ನು ಅಳೆಯುವವರಿಗೆ ಅಲುಗಾಟವೆಂದರೆ ಆಗದು. ಹೊರಗೆ ಲಾರಿಯೊಂದು ಹಾದುಹೋದರೂ ಸೂಜಿ ಜಾರಬಹುದು, ಇಡೀ ದಿನದ ಕೆಲಸ ಹಾಳಾಗಬಹುದು. ಅದಕ್ಕೇ ಅವರು ಭಾರದ ಮೇಜು ಹಾಕಿಸಿಕೊಂಡು, ಉಸಿರು ಬಿಗಿಹಿಡಿದು ಕೂರುತ್ತಾರೆ. 1960ರ ದಶಕದಲ್ಲಿ ಟೋಕಿಯೋದ ಕೇಯೋ ವಿಶ್ವವಿದ್ಯಾಲಯದ ತ್ಸುನೆಯೊ ತೊಮಿಟ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದರು. ಗೆಂಡೆ ಮೀನಿನ ಕಣ್ಣಿನಿಂದ ಅಕ್ಷಿಪಟಲವನ್ನು ಬಿಡಿಸಿ, ಬೆಳಕು ಗ್ರಹಿಸುವ ಕೋಶಗಳು ಮೇಲ್ಮುಖವಾಗುವಂತೆ ಹಾಸಿ, ಅವುಗಳ ನೆತ್ತಿಗೆ ಸೂಜಿಯ ಮೊನೆ ತಂದು ನಿಲ್ಲಿಸಿದರು. ಆಮೇಲೆ ಅಕ್ಷಿಪಟಲವನ್ನೇ ಕೆಳಗಿನಿಂದ ಚುರುಕಾಗಿ ಕುಲುಕಿದರು. ಈ ಕೋಶಗಳಲ್ಲಿ ಒಂದು ಬಗೆಯಾದ ಶಂಕುಕೋಶ ಬಹಳ ಕಿರಿದು, ಬಹಳ ಮಿದು. ಮೆಲ್ಲಗೆ ಚುಚ್ಚಲು ಹೋದರೆ ಅದು ಮೊನೆಯ ಕೆಳಗೆ ತಗ್ಗಿ ಪಕ್ಕಕ್ಕೆ ಸರಿದುಬಿಡುತ್ತದೆ. ಸರಕ್ಕನೆ ಕುಲುಕಿದರೆ ಸರಿಯಲು ಅದಕ್ಕೆ ಪುರುಸೊತ್ತೇ ಇರುವುದಿಲ್ಲ, ಮೊನೆ ಒಳಗಿಳಿಯುತ್ತದೆ.

ಹಾಗೆ ಇಳಿದ ಸೂಜಿ 1965ರ ಹೊತ್ತಿಗೆ ತೋರಿಸಿದ್ದನ್ನು ಒಪ್ಪಿಕೊಳ್ಳಲು ಹಲವರಿಗೆ ಕಷ್ಟವಾಯಿತು. ನರಕೋಶ ಕೆರಳಿದಾಗ ಅದರ ಒಳಗಿನ ಋಣ ವಿದ್ಯುದಂಶ ಕಡಿಮೆಯಾಗುತ್ತದೆ ಎಂಬುದು ಪಠ್ಯಪುಸ್ತಕದ ಪಾಠ. ಬೆಳಕು ಬಿದ್ದಾಗ ಕಣ್ಣಿನ ಕೋಶವೂ ಹಾಗೆಯೇ ಕೆರಳಬೇಕಿತ್ತು. ತೊಮಿಟ ಅವರ ಸೂಜಿ ಹೇಳಿದ್ದು ಬೇರೆ. ಕತ್ತಲಿನಲ್ಲಿ ಕೋಶದ ಒಳಗೆ ಇದ್ದ ವೋಲ್ಟೇಜು ಸುಮಾರು ಮೈನಸ್ 40 ಮಿಲಿವೋಲ್ಟಿನ ಆಸುಪಾಸು. ದೀಪ ಹಾಕಿದ ಕೂಡಲೇ ಅದು ಇನ್ನೂ ಕೆಳಕ್ಕೆ, ಮೈನಸ್ 70ರ ಕಡೆಗೆ ಜಾರಿತು. ವಿಶ್ರಾಂತಿಯಲ್ಲಿರುವ ಸಾಮಾನ್ಯ ನರಕೋಶದ ಸ್ಥಿತಿ ಅದು. ಅಂದರೆ ಈ ಕೋಶ ಕತ್ತಲಿನಲ್ಲಿ ದುಡಿಯುತ್ತಿತ್ತು, ಬೆಳಕು ಕಂಡೊಡನೆ ಕೈಕಟ್ಟಿ ಕೂರುತ್ತಿತ್ತು.

ಹೊಳಪಿನ ಏರಿಳಿತಕ್ಕೆ ಕಣ್ಣು ಸ್ಪಂದಿಸುವ ಬಗೆಯನ್ನು ಅಳೆಯುವ ಪ್ರಯತ್ನ ಇದಕ್ಕೂ ಇನ್ನೂರು ವರ್ಷ ಹಳೆಯದು. 1760ರಲ್ಲಿ, ಲೇಖಕ ತೀರಿಕೊಂಡ ಎರಡು ವರ್ಷಗಳ ನಂತರ ಪ್ರಕಟವಾದ ಪುಸ್ತಕವೊಂದರಲ್ಲಿ ಫ್ರಾನ್ಸಿನ ಪಿಯೆರ್ ಬುಗೆ ಒಂದು ಸರಳ ಪ್ರಯೋಗವನ್ನು ವಿವರಿಸಿದ್ದರು. ಬಿಳಿ ಹಲಗೆಯ ಹತ್ತಿರ ಒಂದು ಮೇಣದಬತ್ತಿ. ಅಂಥದ್ದೇ ಇನ್ನೊಂದು ಬತ್ತಿಯಿಂದ ಒಂದು ಕೋಲಿನ ನೆರಳು ಅದೇ ಹಲಗೆಯ ಮೇಲೆ ಬೀಳುತ್ತದೆ. ಎರಡನೆಯ ಬತ್ತಿಯನ್ನು ದೂರ ಒಯ್ಯುತ್ತಾ ಹೋದಂತೆ ನೆರಳು ಮಾಸುತ್ತದೆ. ಮೊದಲ ಬತ್ತಿಗಿಂತ ಎಂಟು ಪಟ್ಟು ದೂರಕ್ಕೆ ಹೋದಾಗ ನೆರಳು ಕಣ್ಣಿಗೇ ಕಾಣದಾಯಿತು. ದೂರದ ವರ್ಗಕ್ಕೆ ತಕ್ಕಂತೆ ಬೆಳಕು ಕುಗ್ಗುವುದರಿಂದ, ಅರವತ್ತನಾಲ್ಕರಲ್ಲಿ ಒಂದು ಪಾಲಿಗಿಂತ ಕಡಿಮೆ ವ್ಯತ್ಯಾಸವನ್ನು ಕಣ್ಣು ಗುರುತಿಸದು ಎಂಬುದು ಬುಗೆಯ ಲೆಕ್ಕ. ಒಟ್ಟು ಹೊಳಪನ್ನು ಹೆಚ್ಚಿಸಿದರೂ ತಗ್ಗಿಸಿದರೂ ಈ ಪಾಲು ಹೆಚ್ಚುಕಡಿಮೆ ಅಷ್ಟೇ ಇರುತ್ತದೆಂದು ಅವರು ಕಂಡರು. ಕಣ್ಣಿಗೆ ಬೇಕಾದದ್ದು ಬೆಳಕಿನ ಒಟ್ಟು ಮೊತ್ತವಲ್ಲ, ಇರುವ ಬೆಳಕಿಗೆ ಹೋಲಿಸಿದರೆ ಆದ ಬದಲಾವಣೆ. ಹತ್ತೊಂಬತ್ತನೇ ಶತಮಾನದಲ್ಲಿ ವೆಬರ್ ಮತ್ತು ಫೆಕ್ನರ್ ಇದನ್ನು ಎಲ್ಲ ಇಂದ್ರಿಯಗಳಿಗೂ ಅನ್ವಯಿಸಿ ನಿಯಮವಾಗಿಸಿದರು. ಕಣ್ಣಿನೊಳಗಿನ ಯಾವ ಅಂಗ ಈ ಭಾಗಾಕಾರ ಮಾಡುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅಂಗ ಯಾವುದೆಂಬ ಸುಳಿವು ಸಿಕ್ಕಿದ್ದು ಸೂಕ್ಷ್ಮದರ್ಶಕದಡಿ. 1866ರಲ್ಲಿ ಬಾನ್ ನಗರದ ಮ್ಯಾಕ್ಸ್ ಶುಲ್ಟ್ಸ್ ಹಲವು ಪ್ರಾಣಿಗಳ ಅಕ್ಷಿಪಟಲಗಳನ್ನು ಹೋಲಿಸಿ ನೋಡಿದರು. ರಾತ್ರಿ ತಿರುಗುವ ಪ್ರಾಣಿಗಳಲ್ಲಿ ಉದ್ದನೆಯ ದಂಡಕೋಶಗಳೇ ತುಂಬಿದ್ದವು. ಹಗಲಿನ ಜೀವಿಗಳಲ್ಲಿ ಶಂಕುಕೋಶಗಳು ಧಾರಾಳವಾಗಿದ್ದವು. ಮಬ್ಬು ಬೆಳಕಿಗೆ ಒಂದು, ಹಗಲಿಗೆ ಮತ್ತು ಬಣ್ಣಕ್ಕೆ ಇನ್ನೊಂದು ಎಂದು ಅವರು ತೀರ್ಮಾನಿಸಿದರು. ಬೊಹಿಮಿಯಾದ ಯಾನ್ ಪುರ್ಕಿನ್ಯೆ ಅದಕ್ಕೂ ನಲವತ್ತು ವರ್ಷ ಮೊದಲೇ ಗಮನಿಸಿದ್ದ ಒಂದು ವಿಚಿತ್ರಕ್ಕೆ ಇದರಿಂದ ಕಾರಣ ಸಿಕ್ಕಿತು. ಹಗಲಿನಲ್ಲಿ ಎದ್ದು ಕಾಣುವ ಕೆಂಪು ನಸುಕಿನಲ್ಲಿ ಹೆಚ್ಚುಕಡಿಮೆ ಕಪ್ಪಾಗಿರುತ್ತದೆ, ನೀಲಿ ಅದಕ್ಕಿಂತ ಮುಂಚೆ ಬೆಳಗುತ್ತದೆ. ನಸುಕಿನಲ್ಲಿ ನೋಡುವ ದಂಡಕೋಶಗಳಿಗೆ ಕೆಂಪು ಬೆಳಕು ಬಹುಪಾಲು ತಾಗುವುದೇ ಇಲ್ಲ.

ಆ ದಂಡಕೋಶಗಳಲ್ಲಿ ಏನಿದೆ ಎಂಬುದನ್ನು ಕಂಡವರು ರೋಮ್‌ನಲ್ಲಿದ್ದ ಜರ್ಮನ್ ಪ್ರಾಧ್ಯಾಪಕ ಫ್ರಾನ್ಸ್ ಬೋಲ್. 1876ರಲ್ಲಿ ಕತ್ತಲಲ್ಲಿ ಇಟ್ಟ ಕಪ್ಪೆಯ ಅಕ್ಷಿಪಟಲವನ್ನು ಹೊರತೆಗೆದಾಗ ಅದು ಕೆಂಪಗಿತ್ತು. ಅವರು ನೋಡುತ್ತಿದ್ದಂತೆಯೇ ಕೆಂಪು ಹಳದಿಗೆ ತಿರುಗಿ, ಕೊನೆಗೆ ಬಣ್ಣವೇ ಇಲ್ಲವಾಯಿತು. ಬದುಕಿರುವ ಕಪ್ಪೆಯನ್ನು ಮತ್ತೆ ಕತ್ತಲಲ್ಲಿಟ್ಟರೆ ಕೆಂಪು ಮರಳುತ್ತಿತ್ತು. ಮೂರು ವರ್ಷಗಳ ನಂತರ, ಮೂವತ್ತರ ಹರೆಯದಲ್ಲಿ ಬೋಲ್ ಕ್ಷಯಕ್ಕೆ ಬಲಿಯಾದರು. ಕೆಲಸವನ್ನು ಹೈಡಲ್‌ಬರ್ಗ್‌ನ ವಿಲ್‌ಹೆಲ್ಮ್ ಕ್ಯೂನೆ ಮುಂದುವರಿಸಿದರು. ಪಿತ್ತರಸದ ಲವಣಗಳಿಂದ ಆ ವರ್ಣದ್ರವ್ಯವನ್ನು ಕರಗಿಸಿ ಬೇರ್ಪಡಿಸಿ ರೊಡಾಪ್ಸಿನ್ ಎಂದು ಹೆಸರಿಟ್ಟರು. ಮೊಲದ ಮುಖವನ್ನು ಸರಳುಗಳ ಕಿಟಕಿಯತ್ತ ತಿರುಗಿಸಿಟ್ಟು, ಕೊಂದು, ಅಕ್ಷಿಪಟಲವನ್ನು ಪಟಿಕದ ದ್ರಾವಣದಲ್ಲಿ ಗಟ್ಟಿಗೊಳಿಸಿ ನೋಡಿದರೆ ಅದರ ಮೇಲೆ ಕಿಟಕಿಯ ಸರಳುಗಳೇ ಮೂಡಿದ್ದವು. ಸತ್ತವನ ಕಣ್ಣಿನಲ್ಲಿ ಕೊಲೆಗಾರನ ಚಿತ್ರ ಉಳಿಯುತ್ತದೆಂಬ ಗುಲ್ಲು ಯೂರೋಪಿನ ಪತ್ರಿಕೆಗಳಲ್ಲಿ ಹಬ್ಬಿದ್ದೂ ಆ ಕಾಲದಲ್ಲಿಯೇ. 1880ರ ನವೆಂಬರಿನಲ್ಲಿ ಬ್ರುಕ್ಸಾಲ್ ಊರಿನಲ್ಲಿ ಮರಣದಂಡನೆಗೆ ಗುರಿಯಾದವನೊಬ್ಬನ ಕಣ್ಣನ್ನು ಕ್ಯೂನೆ ಪರೀಕ್ಷಿಸಿದರು. ಅದರಲ್ಲಿ ಕಂಡ ಆಕಾರ ಏನೆಂದು ಅವರಿಂದಲೂ ಹೇಳಲಾಗಲಿಲ್ಲ.

ಬಣ್ಣ ಮಾಸುವುದರ ರಸಾಯನ ಬಿಡಿಸಿದವರು ಜಾರ್ಜ್ ವಾಲ್ಡ್. 1933ರಲ್ಲಿ ಬರ್ಲಿನ್ನಿನ ಪ್ರಯೋಗಶಾಲೆಯಲ್ಲಿದ್ದ ಈ ಯುವ ಅಮೆರಿಕನ್ ಯಹೂದಿ ಅಕ್ಷಿಪಟಲದಲ್ಲಿ ಎ ಜೀವಸತ್ವವನ್ನು ಕಂಡುಹಿಡಿದರು. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ ಅದು. ಅವರು ತಾಯ್ನಾಡಿಗೆ ಮರಳಿ ಹಾರ್ವರ್ಡ್ ಸೇರಿದರು. ಅಲ್ಲಿ ರೂತ್ ಹಬ್ಬರ್ಡ್ ಮತ್ತು ಇತರರ ಜೊತೆ 1950ರ ದಶಕದಲ್ಲಿ ಮಾಡಿದ ಕೆಲಸದಿಂದ ವಿಷಯ ಸ್ಪಷ್ಟವಾಯಿತು. ರೊಡಾಪ್ಸಿನ್‌ನಲ್ಲಿ ಎ ಜೀವಸತ್ವದಿಂದ ಆದ ರೆಟಿನಾಲ್ ಎಂಬ ಬಾಗಿದ ಸಣ್ಣ ಅಣು ಅಡಗಿದೆ, ಬೆಳಕು ಮಾಡುವುದಿಷ್ಟೇ, ಆ ಬಾಗನ್ನು ನೆಟ್ಟಗೆ ಮಾಡುತ್ತದೆ. ಮಿಕ್ಕಿದ್ದೆಲ್ಲ ಕತ್ತಲಲ್ಲೂ ನಡೆಯಬಲ್ಲ ರಸಾಯನ. ಎ ಜೀವಸತ್ವ ಸಿಗದ ಮಕ್ಕಳಿಗೆ ಇರುಳುಗುರುಡು ಬರುವುದರ ಬುಡ ಇಲ್ಲಿದೆ. ಭಾರತ 1970ರಲ್ಲಿ ಪುಟ್ಟ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ಜೀವಸತ್ವದ ದ್ರಾವಣ ಕುಡಿಸುವ ಕಾರ್ಯಕ್ರಮ ಆರಂಭಿಸಿತು.

ರಸಾಯನ ಒಂದು ಕಡೆಯಿಂದ ಬರುತ್ತಿದ್ದರೆ ವಿದ್ಯುತ್ತು ಇನ್ನೊಂದು ಕಡೆಯಿಂದ ಬರುತ್ತಿತ್ತು. ಅಮೆರಿಕದ ಪೂರ್ವ ಕರಾವಳಿಯ ವುಡ್ಸ್ ಹೋಲ್‌ನಲ್ಲಿ ಕೆಫರ್ ಹಾರ್ಟ್‌ಲೈನ್ ಮತ್ತು ಕ್ಲಾರೆನ್ಸ್ ಗ್ರಹಾಂ 1932ರಲ್ಲಿ ಲಾಳದ ಏಡಿಯ ದೃಷ್ಟಿನರದಿಂದ ಒಂದೇ ಒಂದು ಎಳೆಯನ್ನು ಬಿಡಿಸಿ ಅದರ ಮಿಡಿತವನ್ನು ದಾಖಲಿಸಿದರು. ಬೆಳಕು ಬಿದ್ದ ಕ್ಷಣ ಮಿಡಿತ ಭರ್ರನೆ ಏರಿತು, ಬೆಳಕು ಹಾಗೆಯೇ ಇದ್ದರೂ ಸ್ವಲ್ಪದರಲ್ಲೇ ತಗ್ಗಿ ನಿಧಾನಗತಿಗೆ ನಿಂತಿತು. 1938ರಲ್ಲಿ ಹಾರ್ಟ್‌ಲೈನ್ ಕಪ್ಪೆಯ ಅಕ್ಷಿಪಟಲದಲ್ಲಿ ಇನ್ನೂ ಅಚ್ಚರಿಯ ಎಳೆಗಳನ್ನು ಕಂಡರು. ಕೆಲವು ದೀಪ ಹೊತ್ತಿದಾಗ ಮಿಡಿಯುತ್ತಿದ್ದವು, ಕೆಲವು ಹೊತ್ತಿದಾಗಲೂ ಆರಿದಾಗಲೂ. ಇನ್ನು ಕೆಲವು ದೀಪ ಆರಿದಾಗ ಮಾತ್ರ. ಬೆಳಕು ಹೋದ ಸುದ್ದಿಯನ್ನು ಹೊತ್ತು ಹೋಗಲೆಂದೇ ಕಣ್ಣಿನಲ್ಲಿ ಪ್ರತ್ಯೇಕ ತಂತಿಗಳಿದ್ದವು.

ಒಂದು ಕೋಶ ಎಷ್ಟು ಚುರುಕು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಿಂದ. ಸೆಲಿಗ್ ಹೆಕ್ಟ್, ಸೈಮನ್ ಶ್ಲೇರ್ ಮತ್ತು ಬೆಲ್ಜಿಯಂನ ಮೌರಿಸ್ ಪಿರೆನ್ ಇದಕ್ಕೆ ತಮ್ಮ ಕಣ್ಣುಗಳನ್ನೇ ಒಡ್ಡಿದರು. ಅರ್ಧ ಗಂಟೆಗೂ ಹೆಚ್ಚು ಹೊತ್ತು ಗಾಢ ಕತ್ತಲಲ್ಲಿ ಕೂತು, ತಲೆ ಅಲುಗದಂತೆ ಹಲ್ಲಿನ ಅಚ್ಚನ್ನು ಕಚ್ಚಿ ಹಿಡಿದು, ಮಸುಕಾದ ಕೆಂಪು ಚುಕ್ಕೆಯೊಂದನ್ನು ದಿಟ್ಟಿಸಬೇಕು. ಅಣಿಯಾದೊಡನೆ ಪ್ರಯೋಗಕ್ಕೆ ಕೂತವರೇ ಗುಂಡಿ ಒತ್ತುತ್ತಿದ್ದರು. ಕೆಂಪು ಚುಕ್ಕೆಯಿಂದ ಇಪ್ಪತ್ತು ಡಿಗ್ರಿ ಆಚೆ, ದಂಡಕೋಶಗಳು ದಟ್ಟವಾಗಿರುವ ಜಾಗಕ್ಕೆ, 510 ನ್ಯಾನೊಮೀಟರಿನ ಹಸಿರು ಬೆಳಕು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಿಂಚುತ್ತಿತ್ತು. ಕಂಡಿತೋ ಇಲ್ಲವೋ, ಅಷ್ಟು ಹೇಳಿದರೆ ಆಯಿತು.

1942ರಲ್ಲಿ ಲೆಕ್ಕ ಪ್ರಕಟವಾಯಿತು. ಮಿಂಚು ಕಾಣಲು ಕಣ್ಣಿನ ಹೊರ ಪೊರೆಗೆ 54ರಿಂದ 148 ಫೋಟಾನುಗಳು ಬಂದರೆ ಸಾಕು. ಅದರಲ್ಲಿಯೂ ಬಹುಪಾಲು ದಾರಿಯಲ್ಲೇ ಪ್ರತಿಫಲಿಸಿ, ಹೀರಲ್ಪಟ್ಟು, ತಪ್ಪಿಸಿಕೊಂಡು ಹೋಗುತ್ತದೆ. ದಂಡಕೋಶಗಳಿಗೆ ದಕ್ಕುವುದು 5ರಿಂದ 14 ಮಾತ್ರ. ಅವು ಸುಮಾರು ಐನೂರು ಕೋಶಗಳ ಮೇಲೆ ಹರಡಿ ಬೀಳುವುದರಿಂದ ಒಂದೇ ಕೋಶಕ್ಕೆ ಎರಡು ಬೀಳುವ ಸಂಭವ ತೀರಾ ಕಡಿಮೆ. ಹಾಗಾದರೆ ಒಂದು ದಂಡಕೋಶವನ್ನು ಎಚ್ಚರಿಸಲು ಒಂದೇ ಫೋಟಾನು ಸಾಕು. ಬೆಳಕಿಗೆ ಅದಕ್ಕಿಂತ ಚಿಕ್ಕ ತುಣುಕೇ ಇಲ್ಲ.

ಯುದ್ಧದ ವರ್ಷಗಳು ಅವು. ರಾತ್ರಿ ಹಾರಾಟಕ್ಕೆ ಹೊರಡುವ ಪೈಲಟ್‌ಗಳು ಕೆಂಪು ಕನ್ನಡಕ ಹಾಕಿಕೊಂಡು ಬೆಳಕಿನ ಕೋಣೆಯಲ್ಲಿ ಕಾಯುತ್ತಿದ್ದರು. ಕೆಂಪು ಬೆಳಕಿನಲ್ಲಿ ಶಂಕುಕೋಶಗಳು ನಕ್ಷೆ ಓದುತ್ತವೆ. ದಂಡಕೋಶಗಳಿಗೆ ಅದು ಕತ್ತಲೆಯೇ ಆದ್ದರಿಂದ ಅವು ಅಷ್ಟರಲ್ಲಿ ಕತ್ತಲಿಗೆ ಅಣಿಯಾಗುತ್ತವೆ. ಪುರ್ಕಿನ್ಯೆ ನಸುಕಿನಲ್ಲಿ ಕಂಡದ್ದು ಹೀಗೆ ವಾಯುಪಡೆಯ ಪರಿಕರವಾಯಿತು.

ಹೆಕ್ಟ್ ಅವರ ಇನ್ನೊಂದು ಸಿದ್ಧಾಂತಕ್ಕೆ ಇಷ್ಟು ಅದೃಷ್ಟವಿರಲಿಲ್ಲ. ಬಿಸಿಲಿನಿಂದ ಸಿನಿಮಾ ಮಂದಿರದ ಒಳಗೆ ಬಂದವರಿಗೆ ಮೊದಲು ಕುರ್ಚಿಯೂ ಕಾಣುವುದಿಲ್ಲ, ನಿಧಾನಕ್ಕೆ ಕಣ್ಣು ಹೊಂದಿಕೊಳ್ಳುತ್ತದೆ. ಈ ಹೊಂದಾಣಿಕೆಯೆಲ್ಲ ವರ್ಣದ್ರವ್ಯ ಎಷ್ಟು ಉಳಿದಿದೆ, ಎಷ್ಟು ಮಾಸಿದೆ ಎಂಬುದರ ಲೆಕ್ಕ ಎಂದು ಅವರು ವಾದಿಸಿದ್ದರು. ಕೇಂಬ್ರಿಜ್‌ನ ವಿಲಿಯಂ ರಶ್ಟನ್ ಬದುಕಿರುವ ಮನುಷ್ಯರ ಕಣ್ಣಿಗೆ ಬೆಳಕು ಹಾಯಿಸಿ, ಮರಳಿ ಬಂದ ಬೆಳಕಿನಿಂದ ರೊಡಾಪ್ಸಿನ್ ಎಷ್ಟಿದೆ ಎಂದು ಅಳೆದರು. ತೀವ್ರ ಬೆಳಕಿಗೆ ಒಡ್ಡಿಕೊಂಡ ನಂತರ ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಹಿಡಿಯುವುದಕ್ಕೆ ವರ್ಣದ್ರವ್ಯವೇ ಕಾರಣ, ನಿಜ. ಆದರೆ ಮಂದ ಬೆಳಕಿನಲ್ಲಿ ದ್ರವ್ಯ ಕೊಂಚವೂ ಮಾಸದೆ ಇದ್ದಾಗಲೇ ಕಣ್ಣಿನ ಚುರುಕು ಹಲವು ಪಟ್ಟು ತಗ್ಗಿಬಿಟ್ಟಿರುತ್ತಿತ್ತು. ಬುಗೆಯ ಭಾಗಾಕಾರವನ್ನು ಮಾಡುವ ಯಂತ್ರ ಬೇರೆಲ್ಲೋ ಇತ್ತು.

ತೊಮಿಟ ಅವರ ಸೂಜಿ ಮುಖ್ಯವಾಗುವುದು ಈ ಹಂತದಲ್ಲಿ. ಲಾಳದ ಏಡಿಯ ಕೋಶ ಬೆಳಕಿಗೆ ಕೆರಳುತ್ತದೆಂದು ಗೊತ್ತಾಗಿತ್ತು, ಮೀನಿನ ಕೋಶ ತದ್ವಿರುದ್ಧ ಎಂದರೆ ಸೂಜಿಯೇ ತಪ್ಪು ಜಾಗದಲ್ಲಿದೆ ಎಂಬ ಶಂಕೆ ಸಹಜವಾಗಿತ್ತು. 1969ರಲ್ಲಿ ತೊಮಿಟ ತಂಡದ ಟೊಯೊಡ ಮತ್ತು ನೊಸಾಕಿ ಹಲ್ಲಿಯ ದಂಡಕೋಶಗಳಲ್ಲಿ ಬೆಳಕು ಬಿದ್ದಾಗ ಕೋಶಪೊರೆಯ ವಿದ್ಯುತ್ ರೋಧ ಹೆಚ್ಚುತ್ತದೆಂದು ತೋರಿಸಿದರು. ಮರುವರ್ಷ ಅಮೆರಿಕದ ಬೆಥೆಸ್ಡಾದಲ್ಲಿ ವಿಲಿಯಂ ಹೇಗಿನ್ಸ್, ಪೆನ್ ಮತ್ತು ಯೊಶಿಕಾಮಿ ಇಲಿಯ ಅಕ್ಷಿಪಟಲದ ಹೋಳುಗಳಲ್ಲಿ, ಕೋಶಗಳಿಗೆ ಕಾಣದ ಅವಕೆಂಪು ಬೆಳಕಿನಡಿ ಕೆಲಸ ಮಾಡುತ್ತ ಅದರ ಕಾರಣ ಹೇಳಿದರು. ಕತ್ತಲಿನಲ್ಲಿ ದಂಡಕೋಶದ ತುದಿಯ ತೂಬುಗಳು ತೆರೆದೇ ಇರುತ್ತವೆ. ಅವುಗಳ ಮೂಲಕ ಸೋಡಿಯಂ ಅಯಾನುಗಳು ಒಳಗೆ ಹರಿಯುತ್ತವೆ, ಕೋಶದ ಬುಡದಲ್ಲಿನ ಪಂಪುಗಳು ಅವನ್ನು ಎಡೆಬಿಡದೆ ಹೊರಗೆ ದೂಡುತ್ತವೆ. ಬೆಳಕು ತೂಬುಗಳನ್ನು ಮುಚ್ಚುತ್ತದೆ. ಈ ಹರಿವಿಗೆ ಕತ್ತಲ ಪ್ರವಾಹ ಎಂಬ ಹೆಸರು ನಿಂತಿತು.

1960ರ ದಶಕದಲ್ಲಿ ಬೆಂಗಳೂರಿನಲ್ಲೂ ಒಬ್ಬರು ಕಣ್ಣಿನ ಬಗ್ಗೆ ತಲೆಕೆಡಿಸಿಕೊಂಡಿದ್ದರು. ಎಪ್ಪತ್ತು ದಾಟಿದ ಸಿ.ವಿ. ರಾಮನ್ ತಮ್ಮ ಸಂಶೋಧನಾ ಸಂಸ್ಥೆಯಲ್ಲಿ ಹೂಗಳ ಬಣ್ಣ ಮತ್ತು ದೃಷ್ಟಿಯ ಅಧ್ಯಯನದಲ್ಲಿ ಮುಳುಗಿದ್ದರು. ಅವರ ಉಪಕರಣ ಅವರದೇ ಕಣ್ಣು. ಬೆಳ್ಳಗೆ ಬೆಳಗಿದ ಪರದೆಯನ್ನು ಬಣ್ಣದ ಗಾಜಿನ ಮೂಲಕ ದಿಟ್ಟಿಸಿ, ಥಟ್ಟನೆ ಗಾಜು ತೆಗೆದರೆ, ಅಕ್ಷಿಪಟಲದ ನಡುಭಾಗದ ಚಿತ್ರವೇ ಪರದೆಯ ಮೇಲೆ ಹಿಗ್ಗಿ ಕಾಣುತ್ತದೆಂದು ಅವರು ಬರೆದರು. 1968ರಲ್ಲಿ ದೃಷ್ಟಿಯ ಶರೀರಶಾಸ್ತ್ರದ ಮೇಲೆ ಅವರ ಪುಸ್ತಕ ಹೊರಬಂತು. ಬಣ್ಣಕ್ಕೆ ಮೂರು ಬಗೆಯ ಗ್ರಾಹಕಗಳು ಎಂಬ ಹಳೆಯ ಸಿದ್ಧಾಂತವನ್ನು ಅದರಲ್ಲಿ ಅವರು ತಳ್ಳಿಹಾಕಿದ್ದರು. ಆದರೆ 1964ರಲ್ಲೇ ಅಮೆರಿಕದ ಎರಡು ತಂಡಗಳು ಶಂಕುಕೋಶಗಳು ಹೀರುವ ಬೆಳಕನ್ನು ಒಂದೊಂದಾಗಿ ಅಳೆದು ಮೂರು ಬಗೆಗಳನ್ನು ತೋರಿಸಿದ್ದವು. 1967ರಲ್ಲಿ ತೊಮಿಟ ತಂಡದ ಸೂಜಿಯೂ ಗೆಂಡೆ ಮೀನಿನಲ್ಲಿ ಮೂರನ್ನೇ ಕಂಡಿತ್ತು. ಈ ವಿಷಯದಲ್ಲಿ ರಾಮನ್ ಅವರ ವಾದ ನಿಲ್ಲಲಿಲ್ಲ.

ಹೆಕ್ಟ್ ಕಾಗದದ ಮೇಲೆ ಲೆಕ್ಕ ಹಾಕಿದ್ದನ್ನು ಕಣ್ಣಾರೆ ಕಂಡವರು ಸ್ಟ್ಯಾನ್‌ಫರ್ಡ್‌ನ ಡೆನಿಸ್ ಬೇಲರ್, ಟ್ರೆವರ್ ಲ್ಯಾಂಬ್ ಮತ್ತು ಕಿಂಗ್-ವಾಯ್ ಯೌ. ಇವರು ಕೋಶವನ್ನು ಚುಚ್ಚಲು ಹೋಗಲಿಲ್ಲ. ನೆಲಗಪ್ಪೆಯ ಅಕ್ಷಿಪಟಲದ ತುಣುಕಿನಿಂದ ಹೊರಚಾಚಿದ ಒಂದು ದಂಡಕೋಶದ ತುದಿಯನ್ನು ಬಿಗಿಯಾದ ಗಾಜಿನ ನಳಿಕೆಯೊಳಗೆ ಮೆಲ್ಲಗೆ ಹೀರಿಕೊಂಡರು. ತುದಿಗೆ ಒಳಹರಿಯುವ ಕತ್ತಲ ಪ್ರವಾಹವೆಲ್ಲ ಈಗ ಅವರ ಉಪಕರಣದ ಮೂಲಕವೇ ಹಾಯಬೇಕು. ಕತ್ತಲಿನಲ್ಲಿ ಅದು ಸುಮಾರು 20 ಪಿಕೊಆಂಪಿಯರ್. ಒಂದು ಪಿಕೊಆಂಪಿಯರ್ ಎಂದರೆ ಆಂಪಿಯರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಆಮೇಲೆ ಒಂದೇ ಅಳತೆಯ ತೀರಾ ಮಂದ ಮಿಂಚನ್ನು ಮತ್ತೆ ಮತ್ತೆ ಹಾಯಿಸಿದರು. ಕೆಲವು ಸಲ ಏನೂ ಆಗಲಿಲ್ಲ. ಕೆಲವು ಸಲ ಪ್ರವಾಹ ಸುಮಾರು ಒಂದು ಪಿಕೊಆಂಪಿಯರಿನಷ್ಟು ತಗ್ಗಿ ಕೆಲವು ಸೆಕೆಂಡುಗಳಲ್ಲಿ ಚೇತರಿಸಿಕೊಂಡಿತು. ಅಪರೂಪಕ್ಕೆ ಅದರ ಎರಡರಷ್ಟು. ಸೊನ್ನೆ, ಒಂದು, ಎರಡು: ಕೋಶ ಫೋಟಾನುಗಳನ್ನು ಎಣಿಸುತ್ತಿತ್ತು. 1979ರಲ್ಲಿ ಈ ಪ್ರಬಂಧಗಳು ಹೊರಬಂದವು. ಬೇಲರ್ ಮತ್ತು ಸಂಗಡಿಗರು ಐದು ವರ್ಷದ ನಂತರ ಕೋತಿಯ ದಂಡಕೋಶದಲ್ಲಿ ಮಾಡಿದ ಅಳತೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಬೆಳಕೇ ಇಲ್ಲದಾಗ ಕೋಶ ಫೋಟಾನು ಬಂತೆಂದು ಸುಳ್ಳು ಸಂಕೇತ ಕೊಡುವುದು ಸುಮಾರು 160 ಸೆಕೆಂಡಿಗೊಮ್ಮೆ ಮಾತ್ರ. ಕೋಶದಲ್ಲಿರುವ ರೊಡಾಪ್ಸಿನ್ ಅಣುಗಳು ಹತ್ತು ಕೋಟಿಯ ಆಸುಪಾಸು. ಅಂದರೆ ಬೆಳಕಿನ ಸ್ಪರ್ಶವಿಲ್ಲದೆ ತಾನಾಗಿ ತಿರುಚಿಕೊಳ್ಳಲು ಒಂದು ಅಣುವಿಗೆ ಸರಾಸರಿ ನೂರಾರು ವರ್ಷ ಬೇಕು.

ಒಂದು ಅಣು ನೆಟ್ಟಗಾದರೆ ಅಷ್ಟು ದೂರದ ತೂಬುಗಳು ಮುಚ್ಚುವುದು ಹೇಗೆ? ಸುದ್ದಿ ಒಯ್ಯುವವರು ಯಾರು? 1970ರ ದಶಕವಿಡೀ ಈ ಬಗ್ಗೆ ಎರಡು ಪಕ್ಷಗಳಿದ್ದವು. ಬೆಳಕು ಬಿದ್ದಾಗ ಕ್ಯಾಲ್ಸಿಯಂ ಬಿಡುಗಡೆಯಾಗಿ ತೂಬಿಗೆ ಅಡ್ಡ ಕೂರುತ್ತದೆ ಎಂಬುದು ಹೇಗಿನ್ಸ್ ಅವರ ವಾದ. ಇನ್ನೊಂದು ಪಕ್ಷ ಸೈಕ್ಲಿಕ್ ಜಿಎಂಪಿ ಎಂಬ ಸಣ್ಣ ಅಣುವಿನದು. ಎಚ್ಚೆತ್ತ ಒಂದು ರೊಡಾಪ್ಸಿನ್ ಟ್ರಾನ್ಸ್‌ಡ್ಯೂಸಿನ್ ಎಂಬ ಪ್ರೋಟೀನಿನ ಹಲವಾರು ಅಣುಗಳನ್ನು ಕೆರಳಿಸುತ್ತದೆ, ಅವು ಕಿಣ್ವಗಳನ್ನು ಕೆರಳಿಸುತ್ತವೆ, ಕಿಣ್ವಗಳು ಸಾವಿರಾರು ಸೈಕ್ಲಿಕ್ ಜಿಎಂಪಿ ಅಣುಗಳನ್ನು ಒಡೆಯುತ್ತವೆ ಎಂಬುದು 1980ರ ಸುಮಾರಿಗೆ ಲ್ಯೂಬರ್ಟ್ ಸ್ಟ್ರೈಯರ್ ಮತ್ತಿತರರ ಕೆಲಸದಿಂದ ಗೊತ್ತಾಗಿತ್ತು. ಆದರೆ ಅದರ ಕೊನೆಯ ಕೊಂಡಿ ಸಿಕ್ಕಿರಲಿಲ್ಲ.

ಕೊಂಡಿ ಸಿಕ್ಕಿದ್ದು ಮಾಸ್ಕೋದ ದಕ್ಷಿಣಕ್ಕೆ, ಓಕಾ ನದಿಯ ದಡದ ಪುಷ್ಚಿನೊ ಎಂಬ ವಿಜ್ಞಾನ ನಗರದಲ್ಲಿ. ಯೆವ್‌ಗೆನಿ ಫೆಸೆಂಕೊ, ಕೊಲೆಸ್ನಿಕೊವ್ ಮತ್ತು ಲ್ಯುಬಾರ್ಸ್ಕಿ ಕಪ್ಪೆಯ ದಂಡಕೋಶದ ಪೊರೆಯ ಒಂದು ಚೂರನ್ನು ನಳಿಕೆಯ ಬಾಯಿಗೆ ಅಂಟಿಸಿಕೊಂಡು ಕಿತ್ತು, ಅದರ ಒಳಮೈಗೆ ಸೈಕ್ಲಿಕ್ ಜಿಎಂಪಿ ತಾಗಿಸಿದರು. ತೂಬುಗಳು ತೆರೆದುಕೊಂಡವು. ನಡುವೆ ಬೇರೆ ಕಿಣ್ವವೂ ಬೇಕಿರಲಿಲ್ಲ, ಕ್ಯಾಲ್ಸಿಯಮ್ಮೂ ಬೇಕಿರಲಿಲ್ಲ. 1985ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಕತ್ತಲಲ್ಲಿ ಈ ಅಣು ತೂಬನ್ನು ತೆರೆದು ಹಿಡಿಯುತ್ತದೆ. ಬೆಳಕು ಅದನ್ನು ಒಡೆಸುತ್ತದೆ, ತೂಬು ಮುಚ್ಚುತ್ತದೆ. ಅದೇ ವರ್ಷ ಯೌ ಮತ್ತು ನಕತಾನಿ, ಬೆಳಕು ಬಿದ್ದಾಗ ಕೋಶದೊಳಗಿನ ಕ್ಯಾಲ್ಸಿಯಂ ಹೆಚ್ಚುವ ಬದಲು ಕಡಿಮೆಯಾಗುತ್ತದೆಂದು ತೋರಿಸಿದರು. ಹೇಗಿನ್ಸ್ ಪಕ್ಷಕ್ಕೆ ಅದು ದೊಡ್ಡ ಪೆಟ್ಟು.

ಹೀಗೆ ಕೆಲಸ ಕಳೆದುಕೊಂಡ ಕ್ಯಾಲ್ಸಿಯಮ್ಮಿಗೆ ಮೂರೇ ವರ್ಷದಲ್ಲಿ ಇನ್ನೂ ದೊಡ್ಡ ಕೆಲಸ ಸಿಕ್ಕಿತು. ತೆರೆದ ತೂಬಿನಿಂದ ಸೋಡಿಯಂ ಜೊತೆ ಕ್ಯಾಲ್ಸಿಯಮ್ಮೂ ಒಳಗೆ ಬರುತ್ತದೆ, ಇನ್ನೊಂದು ದಾರಿಯಿಂದ ಹೊರಗೆ ಹೋಗುತ್ತಲೇ ಇರುತ್ತದೆ. ತೂಬು ಮುಚ್ಚಿದರೆ ಬರುವುದು ನಿಲ್ಲುತ್ತದೆ, ಹೋಗುವುದು ನಿಲ್ಲುವುದಿಲ್ಲ. ಕ್ಯಾಲ್ಸಿಯಂ ಇಳಿದದ್ದೇ ಸೈಕ್ಲಿಕ್ ಜಿಎಂಪಿ ತಯಾರಿಸುವ ಕಿಣ್ವ ಚುರುಕಾಗುತ್ತದೆ, ಮುಚ್ಚಿದ ತೂಬುಗಳಲ್ಲಿ ಕೆಲವು ಮತ್ತೆ ತೆರೆಯುತ್ತವೆ. ಬೆಳಕು ಹಾಗೇ ಉರಿಯುತ್ತಿದ್ದರೂ ಕೋಶ ಅರ್ಧ ದಾರಿ ಹಿಂದಕ್ಕೆ ಬಂದು, ಹೊಸ ಏರಿಳಿತಕ್ಕೆ ಜಾಗ ಉಳಿಸಿಕೊಳ್ಳುತ್ತದೆ. ಕೇಂಬ್ರಿಜ್‌ನ ಮ್ಯಾಥ್ಯೂಸ್, ಮರ್ಫಿ, ಫೇನ್ ಮತ್ತು ಲ್ಯಾಂಬ್ ತಂಡ ಹಾಗೂ ಅಮೆರಿಕದ ನಕತಾನಿ–ಯೌ ಜೋಡಿ ಇದನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದರು. ಕ್ಯಾಲ್ಸಿಯಂ ಒಳಗೂ ಬಾರದಂತೆ, ಹೊರಗೂ ಹೋಗದಂತೆ ತಡೆದಾಗ ಹೊಂದಾಣಿಕೆಯೇ ನಿಂತುಹೋಯಿತು. ಮಂದ ಬೆಳಕಿಗೇ ಎಲ್ಲ ತೂಬುಗಳೂ ಮುಚ್ಚಿ, ಕೋಶ ಮುಂದಿನ ಯಾವ ಬದಲಾವಣೆಗೂ ಸ್ಪಂದಿಸದಾಯಿತು. 1988ರಲ್ಲಿ ನೇಚರ್‌ನ ಒಂದೇ ಸಂಚಿಕೆಯಲ್ಲಿ ಬೆನ್ನುಬೆನ್ನಿಗೆ ಇವೆರಡೂ ಪ್ರಬಂಧಗಳು ಬಂದವು. ಬುಗೆಯ ಭಾಗಾಕಾರ ಮಾಡುವ ಯಂತ್ರದ ಒಂದು ಮುಖ್ಯ ಭಾಗ ಕೈಗೆ ಸಿಕ್ಕಿತ್ತು. ಉಳಿದ ಭಾಗಗಳು ಅಕ್ಷಿಪಟಲದ ಒಳಪದರಗಳ ನರಜಾಲದಲ್ಲಿವೆ.

ಕತ್ತಲಿನ ಈ ದುಡಿಮೆ ಪುಕ್ಕಟೆಯಲ್ಲ. ಪಂಪುಗಳು ರಾತ್ರಿಯಿಡೀ ಓಡುವುದರಿಂದ ಅಕ್ಷಿಪಟಲಕ್ಕೆ ಬೆಳಕಿಗಿಂತ ಕತ್ತಲಲ್ಲಿ ಹೆಚ್ಚು ಆಮ್ಲಜನಕ ಬೇಕು. ಲಂಡನ್ನಿನ ಜೆಫ್ರಿ ಆರ್ಡನ್ ಇದರಿಂದ ಒಂದು ಚಿಕಿತ್ಸೆಯನ್ನೇ ಊಹಿಸಿದರು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲದ ರಕ್ತನಾಳಗಳು ಹಾಳಾದವರಿಗೆ ರಾತ್ರಿಯ ಆಮ್ಲಜನಕದ ಕೊರತೆಯೇ ಕಂಟಕವಾಗಿದ್ದರೆ, ಮಲಗಿರುವಾಗ ಮುಚ್ಚಿದ ರೆಪ್ಪೆಯ ಮೇಲೆ ಮಂದ ಬೆಳಕು ಹಾಯಿಸಿ ದಂಡಕೋಶಗಳನ್ನು ಸುಮ್ಮನಾಗಿಸಬಹುದಲ್ಲವೇ? ಬೆಳಕು ಸೂಸುವ ಕಣ್ಣುಪಟ್ಟಿಗಳು ತಯಾರಾದವು. ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ಎರಡು ವರ್ಷ ಪರೀಕ್ಷೆ ನಡೆಯಿತು. ಒಂದು ಗುಂಪಿಗೆ ಬೆಳಕಿನ ಪಟ್ಟಿ, ಇನ್ನೊಂದಕ್ಕೆ ಬೆಳಕಿಲ್ಲದ ಪಟ್ಟಿ. ಕಟ್ಟಿಕೊಂಡು ಮಲಗುವ ಶಿಸ್ತು ಅನೇಕರಲ್ಲಿ ಉಳಿಯಲಿಲ್ಲ. 2018ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪುಗಳ ಅಕ್ಷಿಪಟಲದ ಊತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.